ಗರಗಸ ಆರಿಸಿದ ಸೈಕಲ್ಲು

ನನ್ನ ಮಗನ ಕೈಗೆ ಎರಡು ಈರುಳ್ಳಿ ಕೊಟ್ಟು, ಒಂದನ್ನು ಹೆಚ್ಚಿಕೊಡಪ್ಪ ಎಂದರೆ, ಒಲೆಯ ಮೇಲಿನ ಎಣ್ಣೆ ಹೊಗೆಯಾಡುವವರೆಗೂ ಅವನು ಎರಡನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾನೆ. ದಡ್ಡನಲ್ಲ. ದಡ್ಡನಾಗಿದ್ದರೆ ಕೈಗೆ ಸಿಕ್ಕಿದ್ದನ್ನು ಹೆಚ್ಚಿಬಿಡುತ್ತಿದ್ದ. ಇವನು ತುಂಬ ತಿಳಿದವನು. ಹಾಗಾಗಿ ನಮ್ಮ ಮನೆಯಲ್ಲಿ ಊಟ ಯಾವಾಗಲೂ ತಡ.

ಅವನಿಗೆ ಕಸುಬೂ ಅಂಥದ್ದೇ ಸಿಕ್ಕಿತು. ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಇಟ್ಟು, ಅದರೊಳಗೆ ಗಾಜು ತೂರಿಸಿ ತೆಗೆದು, ತೂರಿಸಿ ತೆಗೆದು ಕೇಳುತ್ತಾನೆ: “ಈಗ ಚೆನ್ನಾಗಿ ಕಾಣತ್ತಾ, ಮುಂಚೆ ಚೆನ್ನಾಗಿತ್ತಾ?” ದಿನವಿಡೀ ಇದೇ ಪ್ರಶ್ನೆ. ಮೆಟ್ಟಿಲು ಹತ್ತಿ ಮೇಲೆ ಬಂದಮೇಲೂ ಇದೇ. ಕಿಟಕಿಯ ಪರದೆ ಆರಿಸುವಾಗ ಇದೇ, ಬಕೆಟ್ಟು ಆರಿಸುವಾಗಲೂ ಇದೇ. ಮದುವೆಯ ವಿಷಯದಲ್ಲಿ ಮಾತ್ರ ಅವನಿಗೆ ಹೀಗೆ ಕೇಳುವ ಅವಕಾಶ ಸಿಗಲಿಲ್ಲ. ಅವಳೇ ಇವನನ್ನು ಆರಿಸಿದಳು. ಇಲ್ಲದಿದ್ದರೆ ಪಾಪ, ಆ ಹುಡುಗಿ ಇವತ್ತಿಗೂ ಎತ್ತರದ ಕುರ್ಚಿಯಲ್ಲೇ ಕೂತಿರುತ್ತಿದ್ದಳು.

ನನ್ನ ಸೊಸೆಯದು ನದಿಯ ಕೆಲಸ. ನೀರಾವರಿ ಇಲಾಖೆಯಲ್ಲಿ ನೀರಿನ ಮಟ್ಟ ಓದುತ್ತಾಳೆ. ನಮ್ಮ ಬೀದಿಯ ಕೊನೆಗಿರುವ ಸೇತುವೆಯ ಕಂಬಕ್ಕೆ ಉದ್ದನೆಯ ಬಿಳಿ ಅಳತೆ ಪಟ್ಟಿಯೊಂದನ್ನು ಬಡಿದಿದ್ದಾರೆ. ಬೆಳಗ್ಗೆ ಮತ್ತು ಸಂಜೆ ಅಲ್ಲಿಗೆ ಹೋಗಿ, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ, ದೊಡ್ಡ ಕಚೇರಿಗೆ ಫೋನಿನಲ್ಲಿ ತಿಳಿಸಬೇಕು. ದಡದಗುಂಟ ಮೇಲಕ್ಕೆ ಇನ್ನೂ ಎರಡು ಪಟ್ಟಿಗಳಿವೆ. ಅಲ್ಲಿಗೆ ಹೋಗಲು ಇಲಾಖೆಯವರು ಒಂದು ಸೈಕಲ್ಲು ಕೊಟ್ಟಿದ್ದಾರೆ. ಸಂಜೆ ಅದನ್ನು ಅವರ ಶೆಡ್ಡಿನಲ್ಲೇ ಸರಪಳಿ ಹಾಕಿ ಬರಬೇಕು, ಮನೆಗೆ ತರುವಂತಿಲ್ಲ. ಕೆಸರಾಗಲಿ ಕಲ್ಲಾಗಲಿ ಅವಳ ಕಾಲಿಗೆ ಎಲ್ಲ ಒಂದೇ. ನನ್ನ ಎಡಗೈ ಬೆರಳು ನೋಯುತ್ತದೆಂದು ನೀರಿನ ಲೋಟವನ್ನು ಯಾವಾಗಲೂ ನನ್ನ ಬಲಗಡೆ ಇಡುವವಳು ಅವಳು. ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಒಣಗಿದ ಬಟ್ಟೆ ಮಡಿಸುತ್ತ ಅವಳು ಹೇಳಿದಳು: “ಅತ್ತೆ, ಇಷ್ಟು ವರ್ಷ ಈ ನದಿಯ ಬಾಲ ಹಿಡ್ಕೊಂಡು ಕೂತಿದೀನಿ. ತಲೆ ಎಲ್ಲಿದೆ ಅಂತ ಒಂದ್ಸಲ ನೋಡ್ಬೇಡ್ವಾ?”

ನದಿಯ ಜೊತೆಯಲ್ಲೇ ಮೇಲಕ್ಕೆ, ಅದು ಹುಟ್ಟುವ ಬೆಟ್ಟದವರೆಗೆ, ಸೈಕಲ್ಲಿನಲ್ಲಿ ಹೋಗುವುದು ಅವಳ ಆಸೆ. ಒಬ್ಬಳೇ. ವಾರಗಟ್ಟಲೆ ದಾರಿ. ಅರ್ಧ ದಾರಿಯಾದ ಮೇಲೆ ಡಾಂಬರಿಲ್ಲ, ಬಸ್ಸಿಲ್ಲ. ಡೇರೆ, ಒಲೆ, ಬಟ್ಟೆಬರೆ ಎಲ್ಲವನ್ನೂ ಸೈಕಲ್ಲೇ ಹೊರಬೇಕು.

ನಾನು ಹೋಗಿ ಬಾ ಎಂದೆ. ನನ್ನ ಮಗ ಮುಖ ಅರಳಿಸಿ, “ಹೋಗ್ತೀಯಂತೆ. ಸೈಕಲ್ಲು ಮಾತ್ರ ನಾನು ಆರಿಸಿ ಕೊಡ್ತೀನಿ,” ಎಂದ.

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಮಡಿಸಿದ ಬಟ್ಟೆಯನ್ನೇ ಇನ್ನೊಮ್ಮೆ ಮಡಿಸಿದಳು. ಅದು ಮೊದಲನೆಯ ಬೇಸಿಗೆ.

ಆರಿಸುವ ಕೆಲಸಕ್ಕೆ ಸಭೆ ಸೇರತೊಡಗಿತು. ಪ್ರತಿ ಭಾನುವಾರ, ಅಂಗಡಿಯ ಹಿಂದಿನ ಕೋಣೆಯಲ್ಲಿ. ನನ್ನ ಮಗನಲ್ಲದೆ ಇನ್ನಿಬ್ಬರು. ಒಬ್ಬರು ಹಲ್ಲಿನ ಡಾಕ್ಟರು. ಸೈಕಲ್ಲಿನ ಸೀಟಿನಿಂದ ಹಿಡಿದು ಬೆಳಗಿನ ಬ್ರೆಡ್ಡಿನವರೆಗೆ ಎಲ್ಲದರ ತೂಕವನ್ನೂ ಗ್ರಾಮಿನಲ್ಲಿ ಹೇಳುವವರಾದ್ದರಿಂದ ನಾನು ಅವರಿಗೆ ಗ್ರಾಂ ಡಾಕ್ಟರು ಎಂದು ಹೆಸರಿಟ್ಟೆ. ಸ್ವಂತ ಹೊಟ್ಟೆ ಮಾತ್ರ ಅವರ ತಕ್ಕಡಿಗೆ ಬಿದ್ದದ್ದಿಲ್ಲ. ಇನ್ನೊಬ್ಬರು ಡ್ರಾಯಿಂಗ್ ಮೇಷ್ಟ್ರು. ಯೌವನದಲ್ಲಿ ಯಾವುದೋ ಒಂದು ಘಾಟಿಯನ್ನು ಸೈಕಲ್ಲಿನಲ್ಲಿ ದಾಟಿದ್ದರು. ಅದು ನಿಜವೇ ಇರಬೇಕು. ಆದರೆ ಅವರು ಹೇಳಿದಾಗಲೆಲ್ಲ ಆ ಘಾಟಿ ಇನ್ನಷ್ಟು ಎತ್ತರವಾಗುತ್ತಿತ್ತು. ಅವರು ಘಾಟಿ ಮೇಷ್ಟ್ರು.

ಆ ಬೇಸಿಗೆಯಿಡೀ ಲೋಹದ ಚರ್ಚೆ.

“ಅಲ್ಯೂಮಿನಿಯಂ ಹಗುರ ಸಾರ್. ಬೆಟ್ಟ ಹತ್ತೋವಾಗ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರತ್ತೆ,” ಎನ್ನುವರು ಡಾಕ್ಟರು, ಮೂರನೆಯ ಬಿಸ್ಕತ್ತು ತೆಗೆದುಕೊಳ್ಳುತ್ತ.

“ಹಗುರ ಸರಿ ಡಾಕ್ಟ್ರೇ, ಬಿರುಕು ಬಿಟ್ರೆ? ಕಸಕ್ಕೆ ಹಾಕ್ಬೇಕು. ಉಕ್ಕು ಹಾಗಲ್ಲ. ಮುರಿದ್ರೂ ಯಾವ ಮೂಲೆಯಲ್ಲಾದ್ರೂ ಒಬ್ಬ ವೆಲ್ಡಿಂಗ್ ಮಾಡೋನು ಸಿಗ್ತಾನೆ. ಹೊರೆ ಹೊತ್ಕೊಂಡು ದೂರ ಹೋಗೋರಿಗೆ ಉಕ್ಕೇ ಸರಿ,” ಎನ್ನುವನು ನನ್ನ ಮಗ.

“ನಾನು ಘಾಟಿ ದಾಟಿದಾಗ…” ಎಂದು ಶುರುಮಾಡುವರು ಮೇಷ್ಟ್ರು.

ಸೊಸೆ ಚಹಾದ ತಟ್ಟೆ ಇಡುತ್ತ ಒಮ್ಮೆ ಕೇಳಿದಳು: “ನನ್ನ ಕಾಲು ಎಷ್ಟು ಉದ್ದ ಅಂತ ಯಾರಿಗಾದ್ರೂ ಬೇಕಾ?”

ತಮಾಷೆ ಎಂದುಕೊಂಡು ಮೂವರೂ ನಕ್ಕರು.

ಎರಡನೆಯ ಬೇಸಿಗೆ ಚಕ್ರಕ್ಕೆ ಹೋಯಿತು. ಇಪ್ಪತ್ತಾರು ಇಂಚಿನದಾದರೆ ಟೈರು ಎಲ್ಲಿ ಬೇಕಾದರೂ ಸಿಗುತ್ತದೆ. ಇಪ್ಪತ್ತೆಂಟಾದರೆ ಕಲ್ಲಿನ ಮೇಲೆ ಸಲೀಸು. ಬ್ರೇಕು ರಿಮ್ಮನ್ನು ಹಿಡಿಯಬೇಕೋ, ನಡುವಿನ ತಟ್ಟೆಯನ್ನು ಹಿಡಿಯಬೇಕೋ? ಗೇರುಗಳು ಚಕ್ರದ ಹೊರಗೆ ನೇತಾಡಬೇಕೋ, ಒಳಗೆ ಅಡಗಿರಬೇಕೋ? ಹ್ಯಾಂಡಲ್ಲು ನೇರವೋ, ಟಗರಿನ ಕೊಂಬಿನ ಹಾಗೆ ಬಾಗಿದ್ದೋ? ನನ್ನ ಮಗ ಸೈಕಲ್ ಅಂಗಡಿಗೆ ಹೋಗಿ ಒಂದೊಂದನ್ನೂ ಹತ್ತಿ ಇಳಿದು, ಹತ್ತಿ ಇಳಿದು ಬರುತ್ತಿದ್ದ. ಸವಾರಿ ಹೊರಡಬೇಕಾದವಳು ಆಗ ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಪಟ್ಟಿಯ ಪಾಚಿ ಉಜ್ಜುತ್ತಿದ್ದಳು. ಹೀಗೆಯೇ ಮಳೆ ಬಂತು. ಬೆಟ್ಟದ ದಾರಿ ಮುಚ್ಚಿತು.

ಮೂರನೆಯ ಬೇಸಿಗೆಯ ಆರಂಭದಲ್ಲಿ ಸೊಸೆ ಇಲಾಖೆಯಿಂದ ಎರಡು ಸುದ್ದಿ ತಂದಳು. ಒಂದು, ಅವಳು ಕೇಳಿದ್ದ ದೀರ್ಘ ರಜೆ ಸಿಕ್ಕಿದೆ. ಬದಲಿಗೆ ಒಬ್ಬಾಕೆ ಬಂದಿದ್ದಾಳೆ. ಇನ್ನೊಂದು, ಮಳೆಗಾಲಕ್ಕೆ ಮುಂಚೆ ಸೇತುವೆಗೆ ಯಂತ್ರ ಕೂರಿಸುತ್ತಾರೆ. ನೀರಿನ ಮಟ್ಟವನ್ನು ಅದೇ ಓದಿ ಅದೇ ಕಳಿಸುತ್ತದೆ. ಅವಳನ್ನು ದೊಡ್ಡ ಕಚೇರಿಗೆ, ಮೇಜಿನ ಕೆಲಸಕ್ಕೆ ಹಾಕುತ್ತಾರೆ. ಅಲ್ಲಿ ಇಂಥ ರಜೆ ಸಿಗುವುದಿಲ್ಲ. ಹೋಗುವುದಿದ್ದರೆ ಈ ಸಲವೇ, ಇಲ್ಲದಿದ್ದರೆ ಇಲ್ಲ.

“ಹಾಗಾದ್ರೆ ಈಗ ಗಂಭೀರವಾಗಿ ಯೋಚಿಸ್ಬೇಕು,” ಎಂದ ನನ್ನ ಮಗ.

ಅವನು ಇಳಿದು ಹೋದಮೇಲೆ ನಾನು ಸೊಸೆಯನ್ನು ತರಾಟೆಗೆ ತೆಗೆದುಕೊಂಡೆ. “ನಿನಗೆ ಸಂಬಳ ಬರತ್ತೆ, ಕೈಕಾಲಿದೆ. ನೀನೇ ಹೋಗಿ ಒಂದು ತಂದ್ಕೊಳ್ಳೋಕೆ ಏನು ರೋಗ?”

“ತರ್ಬಹುದು ಅತ್ತೆ.” ಅವಳು ಬೇಳೆಯ ಕಲ್ಲು ಆರಿಸುತ್ತಿದ್ದಳು. “ಆದರೆ ಅವರು ಬರಲ್ಲ, ನಾನೊಬ್ಬಳೇ ಹೋಗೋದು. ಈ ಪ್ರಯಾಣದಲ್ಲಿ ಅವರ ಪಾಲು ಅಂತ ಇರೋದು ಆ ಸೈಕಲ್ಲೊಂದೇ. ನಾನೇ ತಂದ್ರೆ ಅವರ ಕೈಯಿಂದ ಕಿತ್ಕೊಂಡ ಹಾಗಾಗಲ್ವಾ?”

“ಅವನು ಆರಿಸೋ ಹೊತ್ತಿಗೆ ನದಿನೇ ಬತ್ತಿ ಹೋಗಿರತ್ತೆ.”

“ಹಾಗೆಲ್ಲ ಬತ್ತಲ್ಲ ಬಿಡಿ. ದಿನಾ ಅಳೀತೀನಲ್ಲ,” ಎಂದು ನಕ್ಕಳು. ಇಂಥ ಒಳ್ಳೆಯತನವನ್ನು ಕಂಡರೆ ನನಗೆ ಒಮ್ಮೊಮ್ಮೆ ತಟ್ಟೆ ಎತ್ತಿ ಕುಕ್ಕಬೇಕೆನಿಸುತ್ತದೆ. ಕುಕ್ಕಲಿಲ್ಲ. ಬೇಳೆ ಚೆಲ್ಲುತ್ತದೆ.

ಕೊನೆಗೆ ತಾಳ್ಮೆ ಕೆಟ್ಟದ್ದು ಸೈಕಲ್ ಅಂಗಡಿಯಾಕೆಗೆ. ಅಗಲ ಭುಜದ, ಕಡಿಮೆ ಮಾತಿನ ಹೆಂಗಸು. ಒಂದು ಮಧ್ಯಾಹ್ನ ಕಡುಹಸಿರು ಬಣ್ಣದ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದು ಕನ್ನಡಕದ ಅಂಗಡಿಯ ಬಾಗಿಲಿಗೆ ಒರಗಿಸಿದಳು.

“ಸಾರ್, ಇದು ಉಕ್ಕಿಂದು. ಇಪ್ಪತ್ತಾರು ಇಂಚು. ಹಿಂದೆ ಮುಂದೆ ಕ್ಯಾರಿಯರ್ ಇದೆ. ಮನೇಲಿಟ್ಕೊಂಡು ಎಷ್ಟು ಬೇಕಾದ್ರೂ ನೋಡಿ, ಬೇಡ ಅಂದ್ರೆ ವಾಪಸ್ ಕೊಡಿ. ನೀವು ಮಾತ್ರ ದಯವಿಟ್ಟು ನನ್ನ ಅಂಗಡಿಗೆ ಬರ್ಬೇಡಿ. ನೀವು ಬಂದ್ರೆ ಬೇರೆ ಗಿರಾಕಿಗಳಿಗೂ ಅನುಮಾನ ಶುರುವಾಗತ್ತೆ.”

ಅಷ್ಟರಲ್ಲಿ ಸೊಸೆ ಮೆಟ್ಟಿಲಿಳಿದು ಬಂದಳು. ಆ ಹೆಂಗಸು ಅವಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಸೊಂಟಕ್ಕೆ ಸಿಕ್ಕಿಸಿದ್ದ ಸ್ಪ್ಯಾನರ್ ತೆಗೆದು ಸೀಟನ್ನು ಸ್ವಲ್ಪ ಇಳಿಸಿದಳು. ಹೋಗುವ ಮುಂಚೆ ತನ್ನ ಕೈಯ ಗ್ರೀಸು ತಾಗಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ಮೂರು ಬೇಸಿಗೆಯಲ್ಲಿ ಸವಾರಿ ಮಾಡುವವಳ ಕಾಲನ್ನು ನೋಡಿ ಸೀಟು ಸರಿಮಾಡಿದ ಮೊದಲ ವ್ಯಕ್ತಿ ಆಕೆ.

ಸೊಸೆ ಅದನ್ನು ಹತ್ತಿ ಸೇತುವೆ ದಾಟಿ ಎಲ್ಲಿಗೋ ಹೋಗಿ ಬಂದಳು. ಕೂದಲು ಕೆದರಿತ್ತು. ಕನ್ನಡಕದ ಮೇಲೆಲ್ಲ ಧೂಳು. ನಾನು ಅವಳ ಮುಖವನ್ನು ಅಷ್ಟು ಚೆಲುವಾಗಿ ಕಂಡದ್ದು ಅಪರೂಪ.

“ಇದೇ ಸಾಕು ರೀ,” ಎಂದಳು.

“ಸಾಕು ಸರಿ. ಭಾನುವಾರ ಒಂದ್ಸಲ ಅವರಿಬ್ಬರಿಗೂ ತೋರಿಸಿಬಿಡೋಣ,” ಎಂದ ನನ್ನ ಪಂಡಿತ ಮಗ.

ಭಾನುವಾರ ಬಂತು. ಸೊಸೆ ಬದಲಿಯಾಕೆಗೆ ಮೇಲಿನ ಪಟ್ಟಿಗಳನ್ನು ತೋರಿಸಲು ನದಿಗೆ ಹೋಗಿದ್ದಳು. ಮರುದಿನದಿಂದ ಅವಳ ರಜೆ. ಗ್ರಾಂ ಡಾಕ್ಟರು ಕಂಕುಳಲ್ಲಿ ತೂಕದ ಯಂತ್ರ ಹಿಡಿದು ಬಂದರು. ಮೊದಲು ಸೈಕಲ್ಲನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತರು. ಆಮೇಲೆ ಬರಿದೇ ನಿಂತರು. ಎರಡನೆಯ ಸಲದ ಅಂಕಿಯನ್ನು ಯಾರಿಗೂ ಕಾಣದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಮನಸ್ಸಿನಲ್ಲೇ ಕಳೆದರು.

“ಎಮ್ಮೆ ಸಾರ್ ಇದು. ಎಮ್ಮೆ,” ಎಂದರು.

ನಾನು ಬಿಸ್ಕತ್ತಿನ ತಟ್ಟೆಯನ್ನು ಮೇಷ್ಟ್ರ ಕಡೆಗೆ ಸರಿಸಿ ಮೇಲೆ ಹೋದೆ. ಆಮೇಲೆ ನಡೆದದ್ದನ್ನು ಮೇಷ್ಟ್ರೇ ನನಗೆ ಹೇಳಿದ್ದು. ನನ್ನ ಮಗ ಎಂದಿನಂತೆ, ಭಾರವಾದರೇನು, ಮುರಿದರೆ ಎಲ್ಲಿ ಬೇಕಾದರೂ ವೆಲ್ಡಿಂಗ್ ಆಗುತ್ತದೆ ಎಂದನಂತೆ.

“ನೀವು ಮಾಡ್ಸಿ ನೋಡಿದೀರಾ?” ಎಂದು ಡಾಕ್ಟರು.

“ನಾನಲ್ಲ. ಎಲ್ಲರೂ ಹೇಳ್ತಾರೆ.”

“ಎಲ್ಲರೂ ಹೇಳ್ತಾರೆ! ಕನ್ನಡಕ ಕೊಡೋವಾಗ್ಲೂ ಹೀಗೇ ಕೊಡ್ತೀರಾ? ಪರೀಕ್ಷೆ ಮಾಡದೆ?”

ಮೇಷ್ಟ್ರು ಬೆಂಕಿಗೆ ಎಣ್ಣೆ ಸುರಿಯಬಾರದಿತ್ತು. ಸುರಿದರು. “ನನ್ನದು ಘಾಟಿಯಲ್ಲೂ ಮುರೀಲಿಲ್ಲ. ಹಾಗಾಗಿ ಆ ವೆಲ್ಡಿಂಗ್ ವಿಷಯ ಸಾಬೀತಾಗಿಲ್ಲ ಅಂತಲೇ ಹೇಳ್ಬೇಕು.”

ನನ್ನ ಮಗನಿಗೆ ಅದು ಚುಚ್ಚಿತು. ಪರೀಕ್ಷೆ ಮಾಡದೆ ಕೊಡುತ್ತೀಯಾ ಎಂಬ ಮಾತಿಗಿಂತ ದೊಡ್ಡ ಬೈಗುಳ ಅವನ ಕಸುಬಿನಲ್ಲಿಲ್ಲ.

ಮೇಲೆ ನನಗೆ ಕರ್ರ್ ಕರ್ರ್ ಎಂದು ಗರಗಸದ ಸದ್ದು ಕೇಳಿಸಿತು. ಕಪಾಟಿನ ಹಲಗೆ ಕೊಯ್ಯುತ್ತಿರಬೇಕು, ಅಂತೂ ಈ ಸಭೆಯಿಂದ ಒಂದು ಉಪಯೋಗದ ಕೆಲಸವಾಯಿತು ಎಂದುಕೊಂಡೆ. ಸದ್ದು ನಿಂತಮೇಲೆ ಯಾಕೋ ಅನುಮಾನ ಬಂದು ಇಳಿದು ಹೋದೆ.

ಡಿಗ್ರಿ ಪಡೆದ ಮೂವರು ಗಂಡಸರು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಮೂವರ ಮುಖದಲ್ಲೂ ಪಟಾಕಿ ಹಚ್ಚಿದ ಮಕ್ಕಳ ಕಳೆ. ಅವರ ನಡುವೆ ಹಸಿರು ಸೈಕಲ್ಲು ಚಕ್ರವಿಲ್ಲದೆ ಮಲಗಿತ್ತು. ಹ್ಯಾಂಡಲ್ಲಿನ ಬುಡದಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ದಪ್ಪ ಕೊಳವೆ ನಡುವೆ ತುಂಡಾಗಿತ್ತು.

ಹಳೆಯ ಸೈಕಲ್ಲಿಲ್ಲವೇ ಊರಿನಲ್ಲಿ? ಗುಜರಿಯವನ ಹತ್ತಿರ ಒಂದು ಉಕ್ಕಿನ ತುಂಡು ಸಿಗುತ್ತಿರಲಿಲ್ಲವೇ? ಇವೆಲ್ಲ ಇವರಿಗೆ ಹೊಳೆಯುವುದಿಲ್ಲ. ಪರೀಕ್ಷೆಯೆಂದರೆ ಇದರದೇ ಪರೀಕ್ಷೆಯಾಗಬೇಕು.

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಸೀರೆಯ ಅಂಚು ಒದ್ದೆಯಾಗಿತ್ತು.

ಅವಳು ಕಿರುಚಲಿಲ್ಲ. ಕಿರುಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬಂದು ಕೂತು, ಕೊಯ್ದ ಜಾಗದ ಮೇಲೆ ಬೆರಳಾಡಿಸಿದಳು.

“ಪೂರ್ತಿ ಕೊಯ್ದಿದೀರಾ?”

“ಅರ್ಧ ಕೊಯ್ದ್ರೆ ಪ್ರಯೋಗ ಆಗಲ್ಲ ಕಣೇ,” ಎಂದ ನನ್ನ ಮಗ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಕೈಯಲ್ಲಿದ್ದ ಗರಗಸವನ್ನು ಆಗ ತಾನೇ ಕಂಡವನಂತೆ ನೋಡಿಕೊಂಡ.

“ಸರಿ. ಅರ್ಧಕ್ಕೆ ನಿಲ್ಲಿಸ್ಬೇಡಿ. ಎತ್ತಿ,” ಎಂದು ಅವಳು ಮುಂದಿನ ತುದಿ ಹಿಡಿದಳು. ಅವನು ಹಿಂದಿನದು ಹಿಡಿದ. ಗ್ರಾಂ ಡಾಕ್ಟರಿಗೆ ಇದ್ದಕ್ಕಿದ್ದಂತೆ ಯಾರದೋ ದವಡೆ ಹಲ್ಲಿನ ನೆನಪು ಬಂತು. ತೂಕದ ಯಂತ್ರವನ್ನು ಎತ್ತಿಕೊಂಡು ಹೊರಟರು. ಮೇಷ್ಟ್ರು ಮಾತ್ರ, ಅವರ ಪುಣ್ಯ, ಎರಡು ಚಕ್ರಗಳನ್ನು ಎರಡು ಕೈಯಲ್ಲಿ ಉರುಳಿಸಿಕೊಂಡು ನಮ್ಮ ಹಿಂದೆ ಬಂದರು.

ನಮ್ಮ ಬೀದಿಯ ತಿರುವಿನಲ್ಲಿ ಗೇಟು, ಕಿಟಕಿ ಸರಳು ಮಾಡುವವನ ಶೆಡ್ಡಿದೆ. ಯಾರದೋ ಗೇಟು ತುರ್ತಾಗಿ ಬೇಕಿತ್ತೆಂದು ಅವನು ಭಾನುವಾರವೂ ಕೆಲಸ ಮಾಡುತ್ತಿದ್ದ. ಮುಖದ ಕವಚ ಎತ್ತಿ ನಮ್ಮ ಮೆರವಣಿಗೆಯನ್ನು ನೋಡಿದ.

“ಆಕ್ಸಿಡೆಂಟಾ?”

“ಇಲ್ಲ. ಕೊಯ್ದದ್ದು,” ಎಂದ ನನ್ನ ಮಗ.

“ಕೊಯ್ದದ್ದಾ? ಯಾರು?”

“ನಾವೇ.”

“ಯಾಕೆ ಸಾರ್?”

“ವೆಲ್ಡಿಂಗ್ ಮಾಡ್ಬಹುದಾ ಅಂತ ನೋಡೋಕೆ.”

ಗೇಟಿನವನು ನನ್ನ ಕಡೆ ತಿರುಗಿದ. “ಅಮ್ಮ, ಇವರೆಲ್ಲ ನಿಮ್ಮ ಕಡೆಯವರಾ?”

“ಆ ಗರಗಸದವನು ಮಾತ್ರ,” ಎಂದೆ. ನನ್ನ ಮಗ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ.

ಗೇಟಿನವನು ನನಗೊಂದು ಸ್ಟೂಲು ತಂದುಕೊಟ್ಟ. ಬೆಂಕಿಯ ಬೆಳಕು ಕಣ್ಣಿಗೆ ಬೀಳದಿರಲೆಂದು ಗೋಡೆಯ ಕಡೆ ಮುಖ ಮಾಡಿ ಇಟ್ಟ. ನಾನು ಕೂರುವ ಮುಂಚೆ ಅದನ್ನು ತನ್ನ ಟವೆಲಿನಿಂದ ಒರೆಸಿದ. ಹಾಗಾಗಿ ಮೊದಲ ಭಾಗವನ್ನು ನಾನು ಕಿವಿಯಲ್ಲಿ ಮಾತ್ರ ಕೇಳಿದೆ. ಚರ್ ಎಂದಿತು. ಆಮೇಲೆ ಅವನು ಬೈದ.

“ಇದೇನು ಪೈಪಾ, ಕಾಗದಾನಾ? ತೂತು ಬಿತ್ತು. ನಾನು ಗೇಟು ಮಾಡೋನು ಸಾರ್. ಇಂಥ ತೆಳುವಿಗೆಲ್ಲ ನನ್ನ ಕೈ ಪಳಗಿಲ್ಲ.”

“ಅಂದ್ರೆ ಆಗಲ್ವಾ?” ಎಂದು ಸೊಸೆ ಕೇಳಿದಳು. ಆ ದನಿಗೆ ನಾನು ತಿರುಗಿ ನೋಡಿದೆ. ಮೂರು ಬೇಸಿಗೆಯಲ್ಲಿ ಅವಳ ದನಿಯಲ್ಲಿ ಹೆದರಿಕೆ ಕೇಳಿಸಿದ್ದು ಅದೇ ಮೊದಲು.

ಗೇಟಿನವನಿಗೂ ಕೇಳಿಸಿರಬೇಕು. ಕವಚ ತೆಗೆದು ನೆಲದ ಮೇಲಿದ್ದ ತುಂಡುಗಳನ್ನು ಕೆದಕಿದ. ಗೇಟಿನ ಪೈಪಿನ ಒಂದು ತುಣುಕನ್ನು ಉದ್ದಕ್ಕೆ ಎರಡಾಗಿ ಸೀಳಿ, ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ ಎರಡೂ ಕಡೆಯಿಂದ ಕೊಳವೆಗೆ ಹೊದಿಸಿ ನೋಡಿದ.

“ಹೀಗೆ ಮಾಡ್ಬಹುದು. ಆದ್ರೆ ನೋಡೋಕೆ ಚೆನ್ನಾಗಿರಲ್ಲ ಅಕ್ಕಾ.”

“ನೋಡೋಕಲ್ಲ, ಹೋಗೋಕೆ,” ಎಂದಳು ಸೊಸೆ.

ಇನ್ನೊಂದು ತೊಂದರೆ ಉಳಿದಿತ್ತು. ಕೊಯ್ದ ಮೇಲೆ ಚೌಕಟ್ಟು ಸೊಟ್ಟಗಾಗಿತ್ತು. ಹೀಗೇ ಅಂಟಿಸಿದರೆ ಮುಂದಿನ ಚಕ್ರ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಓಡುತ್ತದೆ. ಗೇಟಿನವನು ಎರಡೂ ತುದಿಗಳನ್ನು ಅದುಮಿ ಹಿಡಿದು ಹೇಳಿದ: “ಯಾರಾದ್ರೂ ಮುಂದೆ ನಿಂತು ನೋಡಿ ಹೇಳಿ. ಬೇಗ.”

ನನ್ನ ಮಗ ಗರಗಸವನ್ನು ಕೆಳಗಿಟ್ಟ. ಸೈಕಲ್ಲಿನ ಮುಂದೆ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿದ. ಜನ ಕೂತು ನಜ್ಜುಮಾಡಿದ ಕನ್ನಡಕಗಳನ್ನು ಅವನು ದಿನವೂ ಹೀಗೇ ಹಿಡಿದು ನೋಡುತ್ತಾನೆ. ಮೂಗು ಎಲ್ಲಿ, ಕಿವಿ ಎಲ್ಲಿ, ಯಾವ ಕಡ್ಡಿ ಎತ್ತಿದೆ ಎಂದು.

“ಎಡಕ್ಕೆ,” ಎಂದ. “ಇನ್ನೊಂಚೂರು.”

ಗೇಟಿನವನು ತುದಿಯನ್ನು ಒಂಚೂರು ಸರಿಸಿದ. “ಈಗ ಸರಿ ಕಾಣತ್ತಾ ಸಾರ್, ಮುಂಚೆ ಸರಿಯಿತ್ತಾ?”

ನಾನು ಬಾಯಿಗೆ ಸೆರಗು ಹಿಡಿದೆ. ಜೀವಮಾನವೆಲ್ಲ ಊರಿಗೆ ಕೇಳಿದ ಪ್ರಶ್ನೆ ತಿರುಗಿ ಬಂದು ಅವನ ಮುಂದೆ ನಿಂತಿತ್ತು. ಗಾಜು ಬದಲಿಸಿ ನೋಡಲು ಪುರುಸೊತ್ತಿರಲಿಲ್ಲ. ಅವನು ಒಮ್ಮೆ ಕಣ್ಣೆತ್ತಿ ಹೆಂಡತಿಯನ್ನು ನೋಡಿದ.

“ಈಗ,” ಎಂದ. “ಈಗಲೇ. ಹಾಕಿ.”

ಚರ್ ಎಂದಿತು. ನಾನು ಗೋಡೆಯ ಕಡೆ ತಿರುಗಿದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಹಸಿರು ಬಣ್ಣ ಸುಟ್ಟು, ನಡುವೆ ಕಪ್ಪು ಗಂಟೊಂದನ್ನು ಹೊತ್ತ ಆ ಸೈಕಲ್ಲು ಕುರೂಪವಾಗಿತ್ತು; ಆದರೆ ಕೈಬಿಟ್ಟು ತಳ್ಳಿದರೆ ನೆಟ್ಟಗೆ ಹೋಗುತ್ತಿತ್ತು. ಸಾಹಸ ಮಾಡಿ ಬಂದ ನನ್ನ ಮಗ ಮುಖ ತೊಳೆದುಕೊಂಡ ಕೂಡಲೇ ಮತ್ತೆ ಪಂಡಿತನಾದ.

“ಇದನ್ನ ನಂಬೋಕಾಗಲ್ಲ ಕಣೇ. ಇದನ್ನ ವಾಪಸ್ ಕೊಟ್ಟುಬಿಡೋಣ. ಇನ್ನೊಂದು ನೋಡಿಟ್ಟಿದೀನಿ, ಅದರಲ್ಲಿ ಬ್ರೇಕು…”

“ಕೊಯ್ದಿರೋದನ್ನ ಯಾರು ವಾಪಸ್ ತಗೋತಾರೆ ರೀ?”

ಅದು ಅವನಿಗೆ ಹೊಳೆದೇ ಇರಲಿಲ್ಲ. ಮೂರು ಬೇಸಿಗೆ ಬಿಸ್ಕತ್ತು ತಿಂದ ಸಭೆಯ ಕೈಲಾಗದ ಆಯ್ಕೆಯನ್ನು ಒಂದು ಗರಗಸ ಮಾಡಿ ಮುಗಿಸಿತ್ತು.

“ದಾರೀಲಿ ಮುರಿದ್ರೆ?”

“ಮುರಿದ್ರೆ ವೆಲ್ಡಿಂಗ್ ಆಗತ್ತೆ. ನೀವೇ ತೋರಿಸಿದ್ರಲ್ಲ.” ಅವಳು ಬಟ್ಟೆಗಳನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕುತ್ತಿದ್ದಳು. ತಟ್ಟನೆ ನಿಲ್ಲಿಸಿ ಕೇಳಿದಳು: “ನಿಜ ಹೇಳಿ. ನಾನು ಹೋಗೋದು ನಿಮಗೆ ಇಷ್ಟ ಇಲ್ವಾ?”

ಅವನು ಮಂಚದ ಅಂಚಿನಲ್ಲಿ ಕೂತ. “ನೀನು ಹೋಗ್ಬೇಕು ಅನ್ಸತ್ತೆ. ಬೇಡ ಅಂತಲೂ ಅನ್ಸತ್ತೆ.”

ಅದರಲ್ಲೂ ಎರಡು ಗಾಜು! ನಾನು ಹೊರಗಿನ ಕೋಣೆಯಲ್ಲಿ ಕೂತು ಹಲ್ಲು ಕಚ್ಚಿದೆ. ಬೇಡ ಅನ್ನುವ ಧೈರ್ಯವಿಲ್ಲದೆ, ಹೋಗು ಅನ್ನುವ ಮನಸ್ಸಿಲ್ಲದೆ, ನಡುವೆ ಬ್ರೇಕು, ಟೈರು, ಕಡ್ಡಿ, ಗೇರುಗಳನ್ನು ರಾಶಿ ಹಾಕಿ ಅದರ ಹಿಂದೆ ಬಚ್ಚಿಟ್ಟುಕೊಂಡಿದ್ದಾನೆ; ಬಚ್ಚಿಟ್ಟುಕೊಂಡಿದ್ದೇನೆಂದು ಅವನಿಗೇ ಗೊತ್ತಿಲ್ಲ. ಹೆತ್ತವಳಾಗಿ ನನಗೆ ಮರುಕ ಬರಬೇಕಿತ್ತು. ನಿಜ ಹೇಳುವುದಾದರೆ ಬಂದದ್ದು ಸಿಟ್ಟು.

ಸೊಸೆಗೆ ಸಿಟ್ಟು ಬರಲಿಲ್ಲ. “ಬೇಡ ಅನ್ಸೋದನ್ನ ಮೊದಲ್ನೇ ಬೇಸಿಗೇಲೇ ಹೇಳಿದ್ರೆ ಕೂತು ಮಾತಾಡ್ಬಹುದಿತ್ತು,” ಎಂದಳು. “ಈಗ ನಾಳೆ ಹೊರಡ್ತೀನಿ.” ಮತ್ತೆ ಬಟ್ಟೆ ಸುತ್ತತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವನೂ ಒಂದು ಬಟ್ಟೆ ಎತ್ತಿಕೊಂಡು ಸುತ್ತಿದ. ಅಷ್ಟು ಸಡಿಲವಾಗಿ ಸುತ್ತಿದನೆಂದರೆ ಅವಳು ಅದನ್ನು ಅವನಿಗೆ ಕಾಣದಂತೆ ಬಿಚ್ಚಿ ಮತ್ತೆ ಸುತ್ತಿದಳು.

ಬೆಳಗ್ಗೆ ಬೀಳ್ಕೊಡಲು ಎಲ್ಲರೂ ಬಂದರು. ಗೇಟಿನವನು ಬಂದು, ಆ ಕಪ್ಪು ಗಂಟಿನ ಮೇಲೆ ಕೈಯಾಡಿಸಿ, ಚೂಪಾದ ಕಡೆ ಅರ ಹಾಕಿ ಉಜ್ಜಿದ. ಅವಳ ಕಾಲಿಗೆ ತರಚದಿರಲೆಂದು ಹಳೆಯ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದ. ಗ್ರಾಂ ಡಾಕ್ಟರು ಮುಜುಗರದಿಂದ ಒಂದು ಪೊಟ್ಟಣ ಕೊಟ್ಟರು. ಒಳಗೆ ಹಲ್ಲುಜ್ಜುವ ಬ್ರಷ್ಷು. ಭಾರ ಕಡಿಮೆಯಾಗಲೆಂದು ಹಿಡಿಯನ್ನು ಅರ್ಧಕ್ಕೆ ಕೊಯ್ದಿದ್ದರು. ಕೊಯ್ಯುವ ಚಟ ಒಮ್ಮೆ ಹತ್ತಿದರೆ ಬಿಡುವುದಿಲ್ಲವೆಂದು ಕಾಣುತ್ತದೆ. ಆದರೂ ಕೊಯ್ದ ಅಂಚನ್ನು ಚೆನ್ನಾಗಿ ನಯಮಾಡಿದ್ದರು. ಘಾಟಿ ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಬೆಟ್ಟ ಹತ್ತುವವಳ ಮುಂದೆ ನಿಂತಿದ್ದರೂ ಅವರು ತಮ್ಮ ಘಾಟಿಯ ಹೆಸರೆತ್ತಲಿಲ್ಲ. ಅದಕ್ಕಿಂತ ದೊಡ್ಡ ಉಡುಗೊರೆ ಅವರ ಬಳಿ ಇರಲಿಲ್ಲ. ಅದನ್ನು ಅವರು ಪೂರ್ತಿ ಕೊಟ್ಟರು.

ಕೊನೆಗೆ ನನ್ನ ಮಗ ಬಂದ. ಕಣ್ಣು ಕೆಂಪಾಗಿತ್ತು, ರಾತ್ರಿಯಿಡೀ ಅಂಗಡಿಯಲ್ಲಿ ಕೂತು ಗಾಜು ಉಜ್ಜಿದ್ದನಂತೆ. ಅವಳ ಕೈಗೆ ಮೂರು ಕನ್ನಡಕ ಕೊಟ್ಟ.

“ಒಂದು ಬಿಸಿಲಿಗೆ, ಒಂದು ಧೂಳಿಗೆ. ಇನ್ನೊಂದು ಮುರಿದ್ರೆ ಇರಲಿ ಅಂತ. ಯಾವುದು ಸರಿಹೋಗತ್ತೆ ಅಂತ ನನಗೆ…”

“ಮೂರೂ ಕೊಡಿ,” ಎಂದಳು ಅವಳು. ಒಂದನ್ನು ಹಾಕಿಕೊಂಡು, ಎರಡನ್ನು ಚೀಲಕ್ಕೆ ಸೇರಿಸಿ, ನನ್ನ ಕಾಲು ಮುಟ್ಟಿ, ನೀರಿನ ಲೋಟ ಬಲಗಡೆ ಇಡಲು ಹೇಳಿದೀನಿ ಅತ್ತೆ ಎಂದು ಕಿವಿಯಲ್ಲಿ ಹೇಳಿ, ಪೆಡಲಿನ ಮೇಲೆ ಕಾಲಿಟ್ಟಳು. ಸೇತುವೆಯ ಮೇಲೆ ಹೋಗುವಾಗ ಅಭ್ಯಾಸಬಲದಿಂದ ಒಮ್ಮೆ ಕಂಬದ ಕಡೆ ಬಗ್ಗಿ ನೋಡಿದಳು.

ಆಮೇಲಿನ ದಿನಗಳಲ್ಲಿ ಲೋಟ ಬಲಗಡೆಯೇ ಇರುತ್ತಿತ್ತು. ಎರಡು ಸಲ ಮಾತ್ರ, ಯಾವ ಲೋಟ ಎಂದು ಯೋಚಿಸುತ್ತ ಅವನು ನೀರು ತರುವುದನ್ನೇ ಮರೆತ.

ಮಳೆಯ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಅವಳ ಫೋನು ಬಂತು. ಗಾಳಿಯ ಸದ್ದಿನಲ್ಲಿ ಮಾತು ಕಡಿದು ಕಡಿದು ಬರುತ್ತಿತ್ತು.

“ತಲೆ ಸಿಕ್ತು ಅತ್ತೆ! ಅಂಥ ದೊಡ್ಡದೇನಿಲ್ಲ. ಒಂದು ಬಂಡೆ ಕೆಳಗಿಂದ ಬೊಗಸೆಯಷ್ಟು ನೀರು ಬರತ್ತೆ. ಅಳತೆ ಪಟ್ಟಿ ಇಡೋಕೂ ಜಾಗ ಇಲ್ಲ. ಇಷ್ಟಕ್ಕೇನಾ ನಾನು ಇಷ್ಟು ವರ್ಷ ಬೆಳಗ್ಗೆದ್ದು ಓಡಿದ್ದು ಅಂತ ನಗು ಬಂತು. ಆಮೇಲೆ ಅಲ್ಲೇ ಕೂತ್ಕೊಂಡೆ. ಬಹಳ ಹೊತ್ತು ಕೂತಿದ್ದೆ.”

“ಸೈಕಲ್ಲು ಹೇಗಿದೆ? ಆ ಬೆಸುಗೆ?” ನನ್ನ ಮಗ ಫೋನನ್ನು ನನ್ನ ಕಿವಿಯಿಂದ ಕಿತ್ತುಕೊಂಡ.

“ಅದು ಗಟ್ಟಿಯಾಗಿದೆ ರೀ. ಹಿಂದಿನ ಕ್ಯಾರಿಯರ್ ಮುರೀತು. ಟ್ರ್ಯಾಕ್ಟರ್ ರಿಪೇರಿ ಮಾಡೋ ಅಜ್ಜ ಒಬ್ಬರು ವೆಲ್ಡಿಂಗ್ ಮಾಡಿಕೊಟ್ರು, ಊಟಾನೂ ಹಾಕಿದ್ರು. ನಿಮ್ಮ ಪ್ರಯೋಗದ ಕಥೆ ಹೇಳಿದೆ. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು.”

ಅವನು ನಕ್ಕನೋ ಬಿಟ್ಟನೋ ಗೊತ್ತಿಲ್ಲ. ಅಂಗಡಿಯಲ್ಲಿ ಯಾರೋ ಕರೆದರೆಂದು ಇಳಿದು ಹೋದ. ಬಹಳ ಹೊತ್ತು ಕೆಳಗಿನಿಂದ, ಈಗ ಚೆನ್ನಾಗಿ ಕಾಣತ್ತಾ ಎನ್ನುವ ದನಿ ಕೇಳಿಸಲಿಲ್ಲ.

ಆದರೆ ಮನುಷ್ಯರು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಮೊನ್ನೆ ಭಾನುವಾರ ಮೂವರೂ ಮತ್ತೆ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಮುಂದಿನ ಸಲಕ್ಕೆ ಡೇರೆ ಯಾವುದು ಒಳ್ಳೆಯದು ಎಂದು ಚರ್ಚೆ. ಕಂಬ ಅಲ್ಯೂಮಿನಿಯಮ್ಮಿನದೋ ಉಕ್ಕಿನದೋ. ಅವಳು ಇನ್ನೂ ದಾರಿಯಲ್ಲಿದ್ದಾಳೆ, ಇಳಿಯುತ್ತಿದ್ದಾಳೆ. ಆಗಲೇ ಇವರಿಗೆ ಮುಂದಿನ ಸಲದ ಆತುರ.

ಮಧ್ಯದಲ್ಲಿ ನನ್ನ ಮಗ ಮೆಟ್ಟಿಲ ಕೆಳಗಿನಿಂದ ಕೂಗಿ ಕೇಳಿದ: “ಅಮ್ಮಾ, ನಮ್ಮ ಗರಗಸ ಎಲ್ಲಾದ್ರೂ ನೋಡಿದ್ಯಾ?”

“ಇಲ್ಲಪ್ಪ,” ಎಂದೆ.

ನನ್ನ ಮಂಚದ ಕೆಳಗಿದೆ. ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ.